ಒಲ್ಲೆ, ಬ್ಯಾಡ, ನಕೋ: ಅಕ್ಕಲಕೋಟ–ಸೊಲ್ಲಾಪುರ ಭಾಗದ ಕೂಸಿನ ಮೊದಲ ಮಾತು, ಮೊದಲ ಸಿಟ್ಟು

ಗಡಿಯಾಚೆಯ ಕನ್ನಡವನ್ನು ಕುರಿತ ಈ ಮಾಲಿಕೆಯಲ್ಲಿ ಇದುವರೆಗೆ ಶಾಸನ, ಸಂಸ್ಥಾನ, ಶಾಲೆ, ಆಯೋಗದ ವರದಿ ಇವುಗಳ ಮೇಲೆ ಒಳ್ಳೊಳ್ಳೆಯ ಪ್ರಬಂಧಗಳು ಬಂದವು. ನಾನು ಆರಿಸಿಕೊಂಡದ್ದು ಸಣ್ಣ ವಿಷಯ, ಅಕ್ಷರಶಃ ಸಣ್ಣದು. ಎರಡು ವರ್ಷ ತುಂಬದ ಕೂಸು ಮೊದಲು ಏನು ಮಾತಾಡುತ್ತದೆ, ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಹಟ ಹಿಡಿಯುತ್ತದೆ ಎಂಬುದು. ಇದು ಮನೆವಾರ್ತೆಯಾಯಿತಲ್ಲ, ಚರಿತ್ರೆ ಎಲ್ಲಿದೆ ಎಂದು ನಮ್ಮ ವಿಭಾಗದ ಗೆಳೆಯರೇ ಕೇಳಿದರು. ನನ್ನ ಉತ್ತರ ಜನಗಣತಿಯ ಒಂದು ಸಾಲಿನಲ್ಲಿದೆ.

ಭಾರತದ ಜನಗಣತಿ ಮಾತೃಭಾಷೆಯನ್ನು ಹೇಗೆ ವಿವರಿಸುತ್ತದೆ ನೋಡಿ. ಒಬ್ಬ ವ್ಯಕ್ತಿಯ ಬಾಲ್ಯದಲ್ಲಿ ಅವರ ತಾಯಿ ಅವರೊಡನೆ ಆಡಿದ ಭಾಷೆಯೇ ಮಾತೃಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಬಾಲ್ಯದಲ್ಲಿ ಮನೆಯೊಳಗೆ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಹಸುಗೂಸಾದರೆ ತಾಯಿ ಸಾಮಾನ್ಯವಾಗಿ ಆಡುವ ಭಾಷೆ. 1951ರ ಗಣತಿಯಲ್ಲಿ ಇದನ್ನೇ ಇನ್ನೂ ಚುಟುಕಾಗಿ, ತೊಟ್ಟಿಲಿನಿಂದ ಆಡಿದ ಭಾಷೆ ಎಂದಿದ್ದರು. ಸರಕಾರದ ಕಡತದಲ್ಲಿ ತೊಟ್ಟಿಲು ಇಷ್ಟು ದೊಡ್ಡ ಕೆಲಸಕ್ಕೆ ಬಂದ ಜಾಗ ಇನ್ನೊಂದಿರಲಿಕ್ಕಿಲ್ಲ. ಯಾಕೆಂದರೆ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಡುವಾಗ ಅದರ ಮುಂದಿದ್ದದ್ದು ಇದೇ 1951ರ ಭಾಷಾ ಅಂಕಿಗಳು. ಅಕ್ಕಲಕೋಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ ಸೊಲ್ಲಾಪುರ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಅಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರವಾಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಅಕ್ಕಲಕೋಟ ತಾಲೂಕು ಮೈಸೂರು ರಾಜ್ಯಕ್ಕೆ ಹೋಗಲಿ ಎಂದಿತು. ವರದಿ ಜಾರಿಯಾಗಲಿಲ್ಲ. ಈ ಕಥೆ ನಿಮಗೆಲ್ಲ ಗೊತ್ತು, ನಾನು ಬೆಳೆಸೋದಿಲ್ಲ. ನನಗೆ ಬೇಕಾದದ್ದು ಇಷ್ಟೇ: ಒಂದು ತಾಲೂಕು ಎಲ್ಲಿರಬೇಕು ಎಂಬ ವಾದದ ತಳದಲ್ಲಿ, ಆ ತಾಲೂಕಿನ ತಾಯಂದಿರು ತೊಟ್ಟಿಲ ಮುಂದೆ ಏನು ಮಾತಾಡಿದರು ಎಂಬುದಿದೆ. ಅಂಕಿಗಳ ಮೇಲೆ ಜಗಳ ಬೇಕಾದಷ್ಟು ಆಗಿದೆ. ತೊಟ್ಟಿಲ ಹತ್ತಿರ ಹೋಗಿ ಕಿವಿಗೊಟ್ಟವರು ಕಡಿಮೆ.

ನಾನು ಕಿವಿಗೊಟ್ಟದ್ದು ನಮ್ಮ ಅಕ್ಕನ ಮಗನಿಗೆ. ನಮ್ಮೂರು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಕೂಸಿಗೆ 16 ತಿಂಗಳಾದಾಗಿನಿಂದ 23 ತಿಂಗಳ ತನಕ ಅದರ ಮಾತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಒಂದೇ ಕೂಸು, ಒಂದೇ ಮನೆ. ಇದರಿಂದ ಇಡೀ ತಾಲೂಕಿನ ಬಗ್ಗೆ ತೀರ್ಮಾನ ಕೊಡುವ ಹುಮ್ಮಸ್ಸು ನನಗಿಲ್ಲ. ಆದರೆ ಒಂದೇ ಶಾಸನದ ಮೇಲೆ ಪ್ರಬಂಧ ಬರೆಯೋದಾದರೆ ಒಂದೇ ಕೂಸಿನ ಮೇಲೂ ಬರೆಯಬಹುದು.

ಮೊದಲ ಮಾತುಗಳಿಂದ ಭಾಷೆ ಗುರುತಿಸಲು ಹೊರಟರೆ ಮೊದಲ ಹೆಜ್ಜೆಗೇ ಕಾಲು ಜಾರುತ್ತದೆ. 16 ತಿಂಗಳಿನ ಪಟ್ಟಿಯಲ್ಲಿ ಮಂಮಂ, ಬುವ್ವಾ, ಕಾಊ, ಭೂಭೂ, ಅಂಬಾ, ಟಾಟಾ, ಆಯಿ ಇವಿವೆ. ಇವುಗಳಲ್ಲಿ ಕನ್ನಡ ಯಾವುದು, ಮರಾಠಿ ಯಾವುದು? ಕಾಊ ಮರಾಠಿ ಮನೆಗಳ ಕಾಗೆ, ಭೂಭೂ ಅಲ್ಲಿನ ನಾಯಿ. ಬುವ್ವಾ ನಮ್ಮದು, ತೆಲುಗರದೂ ಹೌದು. ಮಂಮಂ ಇಬ್ಬರದ್ದೂ. ಇಂಥ ಪದಗಳಲ್ಲಿ ಮ, ಪ, ಬ ಮತ್ತು ಅಕಾರವೇ ಯಾಕೆ ಹೆಚ್ಚು ಎಂಬುದಕ್ಕೆ ರೋಮನ್ ಯಾಕೊಬ್ಸನ್ 1960ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕಾರಣ ಕೊಟ್ಟಿದ್ದಾರೆ. ಮೊಲೆಯುಣ್ಣುವಾಗ ಬಾಯಿ ಮುಚ್ಚಿರುತ್ತದೆ, ಹೊರಡುವ ಸದ್ದು ಮೂಗಿನದು. ಅದೇ ಸದ್ದು ಮುಂದೆ ಉಣ್ಣುವುದಕ್ಕೂ ಉಣಿಸುವವಳಿಗೂ ಹೆಸರಾಗುತ್ತದೆ. ಚಾರ್ಲ್ಸ್ ಫರ್ಗ್ಯುಸನ್ 1964ರಲ್ಲಿ ಆರು ಭಾಷೆಗಳ ಕೂಸುಮಾತನ್ನು ಹೋಲಿಸಿದಾಗ ಆ ಆರರಲ್ಲಿ ಮರಾಠಿಯೂ ಒಂದು. ಅದೇ ವರ್ಷ ಅಶೋಕ ಕೇಳಕರ ಮರಾಠಿ ಕೂಸುಮಾತಿನ ಮೇಲೆ ಪ್ರತ್ಯೇಕ ಲೇಖನ ಬರೆದರು. ಗಡಿ ತಾಲೂಕುಗಳ ಕನ್ನಡ ಮನೆಗಳನ್ನು ಕುರಿತು ಅಂಥದೊಂದು ನಮಗೆ ಬೇಕಾಗಿದೆ.

ಇಲ್ಲಿ ಆಯಿ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ನಮ್ಮ ಮನೆಯಲ್ಲಿ, ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿರುವಂತೆ, ಆಯಿ ಅಂದರೆ ಅಜ್ಜಿ. ತಾಯಿ ಅವ್ವ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಕೂಸು ಹಳ್ಳಿಯಲ್ಲಿದ್ದಾಗ ಇದರಿಂದ ಏನೂ ತೊಡಕಿರಲಿಲ್ಲ. 19ನೇ ತಿಂಗಳಿಗೆ ಅಕ್ಕ ಮತ್ತು ಭಾವ ಕೆಲಸಕ್ಕಾಗಿ ಸೊಲ್ಲಾಪುರ ಪೇಟೆಗೆ ಮನೆ ಮಾಡಿಕೊಂಡು ಹೋದರು. ಅಲ್ಲಿ ಅದು ರಾತ್ರಿ ಎದ್ದು ಆಯಿ, ಆಯಿ ಎಂದು ಅತ್ತರೆ ಬಾಜೂ ಮನೆಯಾಕೆ ಮರುದಿನ ಅಕ್ಕನಿಗೆ, ನೀನು ಮಗ್ಗುಲಲ್ಲೇ ಇದ್ದೆಯಲ್ಲ, ಯಾಕೆ ಹಾಗೆ ಕರೀತಿತ್ತು ಎಂದು ಕೇಳಿದಳಂತೆ. ಕೂಸು ಕರೆದದ್ದು 40 ಕಿಲೋಮೀಟರ್ ಆಚೆ ಮಲಗಿದ್ದ ನಮ್ಮ ಅವ್ವನನ್ನು.

ಈ ಎರಡು ಭಾಷೆಗಳ ಬೆರಕೆಯ ಬಗ್ಗೆ ಮಾತಾಡುವವರು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ಅದು ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನದು. ಅಲ್ಲಿ ಜೈನರು, ಲಿಂಗಾಯತರು ಕನ್ನಡ, ಮುಸ್ಲಿಮರು ಉರ್ದು, ದಲಿತರು ಮರಾಠಿ ಆಡುತ್ತಿದ್ದರು, ಕೆಲವು ಮನೆಗಳಲ್ಲಿ ತೆಲುಗೂ ಇತ್ತು. ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿದೆ ಎಂದರೆ ಒಂದರ ಜಾಗದಲ್ಲಿ ಇನ್ನೊಂದರ ಪದವನ್ನು ಸಾಲಾಗಿ ಇಟ್ಟುಕೊಂಡು ಹೋದರೂ ವಾಕ್ಯ ನಿಲ್ಲುತ್ತದೆ ಎಂದು ಅವರು ತೋರಿಸಿದರು. ಆದರೆ ಪದಗಳು ಬೇರೆಯಾಗಿಯೇ ಉಳಿದವು. ಮನೆಯೊಳಗಿನ ಬದುಕು ಜಾತಿಜಾತಿಗೆ ಬೇರೆ ಇತ್ತು, ಆ ಒಳಗಿನ ಮಾತೂ ಬೇರೆ ಇತ್ತು, ಅದೇ ಕಾರಣ ಎಂಬುದು ಅವರ ವಾದ. ಹೊಲ, ಸಂತೆ, ಕಟ್ಟೆಯ ಮೇಲೆ ಎಲ್ಲರೂ ಮರಾಠಿ ಆಡಿ, ಹೊಸ್ತಿಲು ದಾಟಿದ ಮೇಲೆ ತಮ್ಮತಮ್ಮ ಭಾಷೆಗೆ ಮರಳುತ್ತಿದ್ದರು. ಅಂದರೆ ಭಾಷೆಯನ್ನು ಕಾದದ್ದು ಹೊಸ್ತಿಲು. ಇದನ್ನು ಓದಿದಾಗ ನನಗನಿಸಿದ್ದು, ಹೊಸ್ತಿಲ ಒಳಗೆ ಯಾರಿದ್ದರು? ಮುದುಕಿಯರು, ಬಾಣಂತಿಯರು, ಕೂಸುಗಳು.

ಈಗ ಸಿಟ್ಟಿಗೆ ಬರೋಣ. ಮಂಮಂ, ಭೂಭೂ ಹೇಳುವಾಗ ಕೂಸಿಗೆ ಯಾವ ಭಾಷೆಯಾದರೂ ನಡೀತದೆ. ಸಿಟ್ಟು ಬಂದಾಗ ಹಾಗಲ್ಲ. ಒಂದೂವರೆ ವರ್ಷಕ್ಕೆ ಹಟ ಶುರುವಾಗುತ್ತದೆ. ನೆಲಕ್ಕೆ ಬಿದ್ದು ಹೊರಳೋದು, ತಾಟು ಒಗೆಯೋದು, ಮೈ ಬಿಲ್ಲಿನಂತೆ ಮಾಡಿ ಕಂಕುಳಿನಿಂದ ಜಾರೋದು. ಹಟ ಎಂಬ ಪದವೇ ಸಂಸ್ಕೃತದಿಂದ ಎರಡೂ ಕಡೆ ಬಂದದ್ದು, ನಮ್ಮಲ್ಲಿ ಹಟ, ಅವರಲ್ಲಿ ಹಟ್ಟ. ಆ ಹೊತ್ತಿನಲ್ಲಿ ಕೂಸಿಗೆ ಒಂದು ಪದ ತುರ್ತಾಗಿ ಬೇಕು, ಬೇಡ ಅನ್ನೋದಕ್ಕೆ. ನಮ್ಮ ಭಾಗದಲ್ಲಿ ಅದಕ್ಕೆ ಮೂರು ಪದ ಸಿಗುತ್ತವೆ: ಒಲ್ಲೆ, ಬ್ಯಾಡ, ನಕೋ.

ಹಳ್ಳಿಯಲ್ಲಿದ್ದಾಗ ನೋಟ್‌ಬುಕ್ಕಿನಲ್ಲಿ ಹೆಚ್ಚು ಸಲ ಬಂದದ್ದು ಒಲ್ಲೆ. ಅದು ಅವ್ವನ ಮಾತು. ಉಣ್ಣಂದರೆ ಒಲ್ಲೆ, ಅಂಗಿ ಹಾಕ್ಕೋ ಅಂದರೆ ಒಲ್ಲೆ. ಕರುವಿಗೆ ಹುಲ್ಲು ಹಿಡಿದು ಅದು ಮೂತಿ ತಿರುಗಿಸಿದರೆ ‘ಕರಾ ಒಲ್ಲೆ’ ಅನ್ನುತ್ತಿತ್ತು. ಅವ್ವ ನಕ್ಕು, ‘ಕರಾ ಒಲ್ಲದು ಅನಬೇಕೋ ಬಾಳಾ, ನೀ ಒಲ್ಲೆ, ಅದು ಒಲ್ಲದು’ ಅಂತ ತಿದ್ದುತ್ತಿದ್ದಳು. ನಮ್ಮ ವ್ಯಾಕರಣದ ಮೇಷ್ಟ್ರು ಹಳಗನ್ನಡದ ನಿಷೇಧ ಕ್ರಿಯಾರೂಪ ಹೇಳಿಕೊಡಲು ಒಂದು ತಾಸು ತೆಗೆದುಕೊಂಡಿದ್ದರು. ಅವ್ವ ಅದನ್ನು ಕರುವಿನ ಮುಂದೆ ಒಂದೇ ಮಾತಿನಲ್ಲಿ ಮುಗಿಸಿದಳು. ಒಲ್ ಎಂಬ ಧಾತುವಿಗೆ ಕಾಲಸೂಚಕ ಯಾವುದೂ ಇಲ್ಲದೆ ನೇರವಾಗಿ ಪುರುಷಪ್ರತ್ಯಯ ಹತ್ತಿದರೆ ಅದೇ ನಿಷೇಧ: ಒಲ್ಲೆಂ, ಒಲ್ಲಂ. ಕೇಶಿರಾಜನ ಕಾಲದ ಆ ರೂಪ ಬೆಂಗಳೂರು ಕಡೆಯ ಆಡುಮಾತಿನಲ್ಲಿ ಸವೆದಿದೆ. ನಮ್ಮ ಕಡೆ ದಿನಾ ಬಳಕೆಯಲ್ಲಿದೆ, ಮಳಿ ಸುದ್ದಾ ‘ಬರವಲ್ದು’. ವಚನಗಳನ್ನು ಓದಿದವರಿಗೆ ಒಲ್ಲೆನು ಎಂಬ ರೂಪದ ಪರಿಚಯ ಮಾಡಿಕೊಡಬೇಕಿಲ್ಲ.

ಮೂರು ಪದಗಳಲ್ಲಿ ಒಲ್ಲೆ ಯಾಕೆ ಬೇರೆ ಎಂಬುದನ್ನು ಕುಪವಾಡದ ರೀತಿಯಲ್ಲೇ ಇಟ್ಟು ನೋಡಬಹುದು. ಕನ್ನಡದಲ್ಲಿ ‘ನನಗ ಬ್ಯಾಡ’, ಮರಾಠಿಯಲ್ಲಿ ‘ಮಲಾ ನಕೋ’, ದಖನಿಯಲ್ಲಿ ‘ಮೇರೇಕು ನಕ್ಕೋ’. ಮೂರೂ ಒಂದೇ ಅಚ್ಚು. ನನಗೆ ಎಂಬ ಚತುರ್ಥಿ, ಆಮೇಲೆ ಬದಲಾಗದ ಒಂದು ಪದ. ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಿದರೆ ವಾಕ್ಯಕ್ಕೆ ನೋವಾಗುವುದಿಲ್ಲ. ‘ನಾ ಒಲ್ಲೆ’ ಆ ಅಚ್ಚಿಗೆ ಹೊಂದುವುದಿಲ್ಲ. ಅಲ್ಲಿ ನಾನು ಕರ್ತೃ. ಬೇಡ ಅನ್ನುವುದು ವಸ್ತುವಿನ ಬಗ್ಗೆ, ಒಲ್ಲೆ ಅನ್ನುವುದು ನನ್ನ ಮನಸ್ಸಿನ ಬಗ್ಗೆ. ಮರಾಠಿ ಕೂಸು ಹಟ ಮಾಡುವಾಗ ‘ಮೀ ನಾಹೀ ಜಾ’ ಅನ್ನುತ್ತದೆ, ಅಲ್ಲಿಯೂ ನಾನು ಇದೆ. ಆದರೆ ಅದಕ್ಕೆ ಮೀ ಎಂಬ ಪದ ಬೇರೆಯಾಗಿ ಬೇಕು. ನಮ್ಮಲ್ಲಿ ಅದು ಕೊನೆಯ ಎಕಾರದಲ್ಲೇ ಕೂತಿದೆ.

ಸೊಲ್ಲಾಪುರಕ್ಕೆ ಹೋದ ಎರಡು ತಿಂಗಳಲ್ಲಿ ಒಲ್ಲೆ ಕಡಿಮೆಯಾಯಿತು. ಬ್ಯಾಡ ಅಕ್ಕನ ಹತ್ತಿರ ಮಾತ್ರ ಉಳಿಯಿತು. ಉಳಿದೆಲ್ಲ ಕಡೆ ನಕೋ. ಉಚ್ಚಾರ ಸುಲಭ ಅಂತ ಹೀಗಾಯಿತು ಎನ್ನುವಂತಿಲ್ಲ. ಆ ವಯಸ್ಸಿಗೆ ಕಕಾರ ತಕಾರವಾಗುತ್ತದೆ, ಆದ್ದರಿಂದ ಕೂಸು ಹೇಳುತ್ತಿದ್ದದ್ದು ‘ನತೋ’. ಡಕಾರ ದಕಾರವಾಗುತ್ತದೆ, ಬ್ಯಾಡ ‘ಬ್ಯಾದ’. ಎರಡೂ ಅಷ್ಟೇ ಕಷ್ಟ, ಅಷ್ಟೇ ಸುಲಭ. ಮೂರರಲ್ಲಿ ಬಾಯಿಗೆ ಹಗುರ ಅಂದರೆ ಒಲ್ಲೆಯೇ. ಆದರೂ ಹೋದದ್ದು ಅದು. ಅಕ್ಕನನ್ನು ಕೇಳಿದೆ, ನೀನು ಅವನ ಕೂಡ ಯಾಕೆ ಮರಾಠಿ ಮಾತಾಡಲಿಕ್ಕತ್ತೀ ಅಂತ. ಅವಳಿಗೆ ಸ್ವಲ್ಪ ಸಿಟ್ಟು ಬಂತು. ‘ನೀ ಬರಕೋತ ಕೂಡು, ನಿನಗೇನ. ಅಂವ ನಕೋ ಅಂದ್ರ ಬಾಜೂ ಮನಿಯಾಕಿ ಸುದ್ದಾ ತಾಟ ತೆಗೀತಾಳ. ಒಲ್ಲೆ ಅಂದ್ರ ಯಾರಿಗಿ ತಿಳೀತದ? ನಾ ಕೆಲಸಕ್ಕ ಹೋದಾಗ ಅಂವ ಅಳಬೇಕೇನ?’

ಈ ಮಾತಿಗೆ ನನ್ನ ಹತ್ತಿರ ಎದುರುತ್ತರ ಇರಲಿಲ್ಲ. ಈಗಲೂ ಇಲ್ಲ. ಭಾಷಾಪಲ್ಲಟದ ಬಗ್ಗೆ ನಾವು ಓದುವ ಪುಸ್ತಕಗಳಲ್ಲಿ ಪ್ರತಿಷ್ಠೆ, ಉದ್ಯೋಗ, ಶಿಕ್ಷಣಮಾಧ್ಯಮ ಇವು ಕಾರಣಗಳಾಗಿ ಬರುತ್ತವೆ. ಸರಿಯೇ. ಆದರೆ ಕೂಸಿನ ಲೆಕ್ಕ ಬೇರೆ. ಯಾವ ಪದಕ್ಕೆ ತಾಟು ಹಿಂದೆ ಹೋಗುತ್ತದೋ ಆ ಪದವನ್ನು ಅದು ಇಟ್ಟುಕೊಳ್ಳುತ್ತದೆ. ತನ್ನ ಸಿಟ್ಟಿಗೆ ಕಿಮ್ಮತ್ತು ಸಿಗದ ಪದವನ್ನು ಬಿಡುತ್ತದೆ. ಹಳ್ಳಿಗಳಲ್ಲಿ ಕನ್ನಡ ಶಾಲೆ ಇದ್ದರೂ ಅದರ ಬಾಗಿಲು ತೆರೆಯೋದು ಆರನೇ ವರ್ಷಕ್ಕೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಶುರುವಾದ ಮೇಲೆ ಬಂದ ಅಂಗನವಾಡಿ ಮೂರಕ್ಕೇ ಕೈ ಹಿಡಿಯುತ್ತದೆ, ನಮ್ಮೂರಿನದರಲ್ಲಿ ಹಾಡು, ಎಣಿಕೆ ಎಲ್ಲ ಮರಾಠಿ. ಮೊಬೈಲು ಅದಕ್ಕೂ ಮುಂಚೆ ಬರುತ್ತದೆ. ಅಷ್ಟು ಹೊತ್ತಿಗೆ ಹಟದ ಭಾಷೆ ತೀರ್ಮಾನವಾಗಿರುತ್ತದೆ.

ಇದನ್ನೆಲ್ಲ 1956ರ ತಲೆಗೆ ಕಟ್ಟುವುದೂ ಸರಿಯಲ್ಲ. ನಕೋ ನಿನ್ನೆ ಮೊನ್ನೆ ಹೊಸ್ತಿಲು ದಾಟಿದ ಪದವಲ್ಲ. ಮರಾಠಿಯ ನಕೋ ದಖನಿಯಲ್ಲಿ ನಕ್ಕೋ ಆಗಿ ವಿಜಯಪುರ, ಕಲಬುರಗಿ, ಹೈದರಾಬಾದು, ಬೆಂಗಳೂರಿನ ಗಲ್ಲಿಗಳವರೆಗೆ ಯಾವ ರಾಜ್ಯದ ಗಡಿಯನ್ನೂ ಕೇಳದೆ ಹೋಗಿದೆ. ನಮ್ಮೂರಿನ ಓಣಿಯಲ್ಲಿ ಕನ್ನಡದ ಕೂಸು ನಕೋ ಕೇಳಿಯೇ ಬೆಳೆಯುತ್ತಿತ್ತು. ಹಿಂದೆ ಓಣಿಗೆ ನಕೋ, ಪಡಸಾಲೆಗೆ ಬ್ಯಾಡ, ಆಯಿಯ ತೊಡೆಗೆ ಒಲ್ಲೆ ಎಂದು ಮೂರಕ್ಕೂ ಜಾಗ ಇತ್ತು. ಪೇಟೆಯ ಎರಡು ಕೋಣೆಯ ಮನೆಯಲ್ಲಿ ಪಡಸಾಲೆ ಇಲ್ಲ, ಆಯಿಯೂ ಇಲ್ಲ.

ಹಳೆಯ ಕೂಸುಗಳ ಸಿಟ್ಟು ಕನ್ನಡದ ಬರಹದಲ್ಲಿ ಎಲ್ಲಿ ಉಳಿದಿದೆ ಎಂದು ಹುಡುಕಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ಮೊದಲು ಕೈಗೆ ಬಂತು. ಹಲಸಂಗಿ ಆಗ ಇಂಡಿ ತಾಲೂಕಿನದಾಗಿತ್ತು, ಭೀಮೆಯ ಈ ಕಡೆ ಅದು, ಆ ಕಡೆ ನಾವು. ಅವ್ವ ತೊಟ್ಟಿಲು ತೂಗುವಾಗ ಹಾಡುವ ಮಟ್ಟೂ ಅದೇ ತ್ರಿಪದಿ. ಅಲ್ಲಿ ಅಳುವ ಕೂಸಿಗೆ ಬೈಗುಳವಿಲ್ಲ, ಅಳುವಿನಲ್ಲೂ ತಾಯಿ ಚೆಲುವು ಕಾಣುತ್ತಾಳೆ. ಆದರೆ ಮಾತೆಲ್ಲ ತಾಯಿಯದು. ಕೂಸು ಅಳುತ್ತದೆ, ಆಡುತ್ತದೆ, ಅದು ಏನಂದಿತು ಎಂಬುದು ಅಪರೂಪ. ಪುರಂದರದಾಸರು ಇದನ್ನು ತಿರುಗಿಸಿದರು. ಗುಮ್ಮನನ್ನು ಕರೆಯಬೇಡ ಎಂದು ಕೃಷ್ಣ ಯಶೋದೆಯನ್ನು ಬೇಡಿಕೊಳ್ಳುವ ಅವರ ಕೀರ್ತನೆಯಲ್ಲಿ ಮಾತಾಡುವುದು ಕೂಸೇ. ಹಟಮಾರಿ ಕೂಸನ್ನು ಹೆದರಿಸುವ ಆ ಗುಮ್ಮ ನಮ್ಮ ಮನೆಯಲ್ಲಿ ಇನ್ನೂ ಇದ್ದಾನೆ. ಸೊಲ್ಲಾಪುರದಲ್ಲಿ ಅವನ ಕೆಲಸವನ್ನು ಬಾಗುಲಬುವಾ ಮಾಡುತ್ತಾನೆ.

ಎಲ್ಲಕ್ಕಿಂತ ಹತ್ತಿರದ್ದು ಸೊಲ್ಲಾಪುರದ್ದೇ ಕಥೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಸೊನ್ನಲಿಗೆಯ ಮುದ್ದುಗೌಡ, ಸುಗ್ಗಲೆಯರ ಮಗ ಉಳಿದ ಮಕ್ಕಳಂತಲ್ಲ, ಮಾತಿಲ್ಲದ ಮುಗ್ಧ. ದನ ಕಾಯುತ್ತ ಇರುವ ಹುಡುಗನ ಎದುರಿಗೆ ಮಲ್ಲಯ್ಯ ಬರುತ್ತಾನೆ, ಹಸಿವು ಎನ್ನುತ್ತಾನೆ. ಹುಡುಗ ಮನೆಗೆ ಓಡಿ ಉಣಿಸು ತರುವಷ್ಟರಲ್ಲಿ ಅವನಿಲ್ಲ. ಮುಂದೆ ಶ್ರೀಶೈಲದವರೆಗೆ ಆ ಹುಡುಗ ಮಾಡುವುದು ಒಂದೇ, ಮಲ್ಲಯ್ಯಾ ಎಂದು ಕೂಗಿ ಅಳುವುದು. ಯಾರು ಸಮಾಧಾನ ಮಾಡಿದರೂ ಕೇಳುವುದಿಲ್ಲ. ಭಕ್ತಿಯ ದೃಷ್ಟಿಯಿಂದ ಇದರ ಮೇಲೆ ಬರೆದವರು ಬಹಳ. ನನಗೆ ಅದು ತಡವಾಗಿ ಮಾತು ಬಂದ ಕೂಸಿನ ಕಥೆಯಾಗಿಯೂ ಕಾಣುತ್ತದೆ. ಮೊದಲ ಮಾತು ಬಂದದ್ದೇ ಹಟವಾಗಿ ಬಂತು, ಒಂದೇ ಹೆಸರಿಗೆ ಅಂಟಿಕೊಂಡಿತು. ಶಾಲೆಯಲ್ಲಿ ಮರಾಠಿ ಕಲಿತು, ಆಮೇಲೆ ಕನ್ನಡಕ್ಕೆ ಬಂದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಅದೇ ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು, ಆ ಪೀಠಕ್ಕೆ ಬಂದ ಮೊದಲ ಹೆಂಗಸು. ಶಾಲೆ ಕೊಡದ ಛಂದಸ್ಸು ಅವರಿಗೆ ಎಲ್ಲಿಂದ ಬಂದಿರಬೇಕು ಎಂದು ಕೇಳಿದರೆ ನಾನು ಬೀಸುಕಲ್ಲನ್ನೂ ತೊಟ್ಟಿಲನ್ನೂ ತೋರಿಸುತ್ತೇನೆ. ಇದು ನನ್ನ ಊಹೆ, ಆದರೆ ತ್ರಿಪದಿ ಇದ್ದದ್ದು ಅಲ್ಲಿಯೇ.

ಮತ್ತೆ ಜನಗಣತಿಗೆ. ಮುಂದಿನ ಎಣಿಕೆ 2027ಕ್ಕೆ ಗೊತ್ತಾಗಿದೆ. ಎಣಿಕೆದಾರರು ಅಕ್ಕನ ಮನೆಗೆ ಬಂದಾಗ ಕೂಸಿಗೆ ಮೂರು ದಾಟಿರುತ್ತದೆ. ತಾಯಿಯ ಮಾತೃಭಾಷೆ ಕನ್ನಡ. ತಾಯಿ ಕೂಸಿನೊಡನೆ ಆಡುವ ಭಾಷೆ, ವ್ಯಾಖ್ಯಾನದಂತೆ ನೋಡಿದರೆ, ಈಗ ಹೆಚ್ಚುಕಡಿಮೆ ಮರಾಠಿ. ಭಾವ ಕನ್ನಡ ಅಂತಲೇ ಬರೆಸುತ್ತೇನೆ ಎನ್ನುತ್ತಾರೆ. ಅಕ್ಕ ಸುಮ್ಮನಿದ್ದಾಳೆ. ಅವ್ವನಿಗೆ ಕಾಲಂ ಗೀಲಂ ಬೇಕಿಲ್ಲ. ವಿಡಿಯೋ ಕಾಲ್ ಮಾಡಿದಾಗ ಕೂಸು ಫೋನು ದೂಡಿ ‘ನತೋ’ ಅಂದರೆ, ‘ಒಲ್ಲೆ ಅನ್ನೋ, ಒಲ್ಲೆ ಅಂದ್ರ ಇಡ್ತೀನಿ’ ಅಂತ ಚೌಕಾಶಿ ಮಾಡುತ್ತಾಳೆ. ಕಳೆದ ತಿಂಗಳ ಟಿಪ್ಪಣಿಯಲ್ಲಿ ಎರಡು ಸಲ ಅದು ‘ಒಲ್ಲೆ’ ಅಂದಿದೆ. ಎರಡು ಸಲವೂ ಅವ್ವ ಫೋನು ಇಡಲಿಲ್ಲ.

ಚಾಟ್‌ನಲ್ಲಿ ಕಾಸರಗೋಡಿನ ಗೆಳತಿಯೊಬ್ಬರ ಪ್ರಶ್ನೆ ಇದೆ: ಇದೇ ವಿಧಾನವನ್ನು ನಮ್ಮ ಕಡೆಗೆ ಹಚ್ಚಬಹುದೇ ಅಂತ. ಹಚ್ಚಬಹುದು, ಆದರೆ ಅಲ್ಲಿ ಈ ಪದ ಕೆಲಸಕ್ಕೆ ಬರಲಿಕ್ಕಿಲ್ಲ. ಕನ್ನಡದ ಬೇಡ, ಮಲಯಾಳದ ವೇಂಡ ಒಂದೇ ಬೇರಿನವು. ಎರಡು ವರ್ಷದ ಕೂಸಿನ ಬಾಯಲ್ಲಿ ವಕಾರ ಬಕಾರವಾಗಿ, ಅನುನಾಸಿಕ ಅರ್ಧ ಉಳಿದು ಅರ್ಧ ಹೋದರೆ ಅದು ಯಾವ ಭಾಷೆಯಲ್ಲಿ ಹಟ ಮಾಡಿತು ಎಂದು ಯಾರು ಹೇಳಬೇಕು? ತುಳು ಮನೆಯ ಕೂಸಾದರೆ ಬೊಡ್ಚಿ ಎನ್ನುತ್ತದೆ, ಅದನ್ನು ಗುರುತಿಸಬಹುದು. ಕನ್ನಡ ಮತ್ತು ಮಲಯಾಳದ ನಡುವೆ ಗೆರೆ ಎಳೆಯಲು ಅಲ್ಲಿ ಬೇರೆ ಪದ ಹಿಡಿಯಬೇಕಾಗುತ್ತದೆ, ಬಹುಶಃ ನೋವಾದಾಗ ಅನ್ನುವ ಪದ, ಇಲ್ಲಾ ಎತ್ತಿಕೋ ಅನ್ನುವ ಪದ. ಮನೆಯಲ್ಲಿ ಒಂದೂವರೆ ವರ್ಷದ ಕೂಸಿದ್ದವರು ಯಾರಾದರೂ ನಾಳೆಯಿಂದಲೇ ಬರೆದಿಟ್ಟುಕೊಳ್ಳಲು ಶುರು ಮಾಡಿದರೆ ಚಲೋ. ಇನ್ನಾರು ತಿಂಗಳಿಗೆ ಆ ಪದಗಳು ಇರುವುದಿಲ್ಲ.